ಮರೆಯಲ್ಲಿ ನಿಂತು ಹೊಡೆದದ್ದು: ಕಿಷ್ಕಿಂಧೆಯ ಒಂದು ಹರಟೆ

ಆನೆಗೊಂದಿಯ ಚಿಂತಾಮಣಿಯಲ್ಲಿ ತುಂಗಭದ್ರೆಯ ದಂಡೆಗೆ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ರಾಮ ವಾಲಿಗೆ ಬಾಣ ಬಿಟ್ಟದ್ದು ಇಲ್ಲಿಂದಲೇ ಎಂದು ಊರವರು ಹೇಳುತ್ತಾರೆ. 2024ರ ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ನಮ್ಮಣ್ಣ, ಅವನ ಮೂವರು ಗೆಳೆಯರು ಮತ್ತು ನಾನು ಅಲ್ಲಿದ್ದೆವು. ಆ ನಾಲ್ವರೂ ಕೊಪ್ಪಳದ ಒಂದೇ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದವರು. ಅಣ್ಣ ಈಗ ಬೆಂಗಳೂರಿನಲ್ಲಿದ್ದಾನೆ. ಒಬ್ಬರು ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಇನ್ನೊಬ್ಬರದು ಕುಷ್ಟಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ, ಮನೆಮಾತು ಉರ್ದು. ಮತ್ತೊಬ್ಬರು ಗಂಗಾವತಿ ಹತ್ತಿರದ ಕ್ಯಾಂಪಿನವರು, ಮನೆಯಲ್ಲಿ ತೆಲುಗು. ನಮ್ಮದು ಯಲಬುರ್ಗಾ ಕಡೆಯ ಎರೆಹೊಲದ ಊರು. ಹಿಂದಿನ ರಾತ್ರಿ ನಾಲ್ವರೂ ಗಂಗಾವತಿಯಲ್ಲಿ ‘ಹನುಮಾನ್’ ಸಿನಿಮಾ ನೋಡಿದ್ದರು. ಅದರ ಗುಂಗು ಇನ್ನೂ ಇಳಿದಿರಲಿಲ್ಲ.

ಸಿನಿಮಾದಿಂದ ಶುರುವಾದ ಮಾತು, ಕೂತ ಜಾಗದ ಕಾರಣಕ್ಕೋ ಏನೋ, ವಾಲಿಯ ಕಡೆ ಹೊರಳಿತು. ಮಿಲ್ಲಿನವರು ಬಂಡೆಗೆ ಒರಗಿಕೊಂಡು, “ಏನ ಅನ್ರಲೇ, ಇದು ಕ್ಯಾಂಪಿಂಗ್ ಅಲ್ಲೇನು?” ಅಂದರು.

ಗಂಗಾವತಿ ಸೀಮೆಯಲ್ಲಿ ಕ್ಯಾಂಪ್ ಅಂದರೆ ಮೊದಲು ನೆನಪಾಗುವುದು ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರುಗಳು. ಹಾಗಾಗಿ ಒಂದು ನಗೆ ಅಲ್ಲೇ ಆಯಿತು. ಅವರು ಹೇಳಿದ್ದು ಪಬ್ಜಿಯ ಮಾತು. ಆ ಆಟ ಆಡದವರಿಗಾಗಿ ಹೇಳುತ್ತೇನೆ: ನೂರು ಜನ ಒಂದು ನಡುಗಡ್ಡೆಯಲ್ಲಿ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ. ಅದರಲ್ಲಿ ಕೆಲವರು ಓಡಾಡಿ ಕಾದಾಡದೆ ಒಂದು ಮನೆಯ ಮೆಟ್ಟಿಲ ಹಿಂದೆ, ಮರದ ಮರೆಯಲ್ಲಿ, ಬಾಗಿಲ ಸಂದಿಯಲ್ಲಿ ಕೂತು ಬಂದವರನ್ನು ಹೊಡೆಯುತ್ತಾರೆ. ಅವರಿಗೆ ಕ್ಯಾಂಪರ್ ಎನ್ನುತ್ತಾರೆ. ಆಟದ ನಿಯಮ ಇದನ್ನು ತಡೆಯುವುದಿಲ್ಲ, ಅಂಕವೂ ಕಡಿಮೆಯಾಗುವುದಿಲ್ಲ. ಆದರೂ ಆಡುವವರ ನಡುವೆ ಅದೊಂದು ಬೈಗುಳ.

ಕುಷ್ಟಗಿಯವರು ತಲೆ ಅಲ್ಲಾಡಿಸಿದರು. “ಕ್ಯಾಂಪರ್‌ನ ಹುಡುಕಿ ಹೊಡದ್ರ ಖುಷಿ ಐತಿ. ಕ್ಯಾಂಪ್ ಮಾಡಿ ಹೊಡದ್ರ ಏನ್ ಐತಿ? ಗೆದ್ದೇವಿ ಅಂತ ಹೇಳಾಕ ನಾಚಿಕಿ ಬರತೈತಿ.”

ಅಣ್ಣ ಬಿಡಲಿಲ್ಲ. “ಎದುರಿಗೆ ನಿಂತವರ ಅರ್ಧ ಬಲ ವಾಲಿಗೆ ಹೋಗತೈತಿ. ಅದು ಹ್ಯಾಕ್. ಹ್ಯಾಕರ್ ಮುಂದ ಎದಿ ತೋರಿಸಿ ನಿಂತ್ರ ಹುಚ್ಚ ಅಂತಾರ. ಮರಿಯಾಗ ನಿಲ್ಲದ ಇನ್ನೇನ್ ಮಾಡ್ಬೇಕು?”

“ಹಂಗಾರ ರಿಪೋರ್ಟ್ ಹೊಡಿಬೇಕಿತ್ತು,” ಅಂದರು ಕ್ಯಾಂಪಿನವರು.

“ಯಾರಿಗೆ ಹೊಡಿತಿ? ವರ ಕೊಟ್ಟಾವ್ರಿಗೇನು? ಅವರ ಸರ್ವರ್ರು, ಅವರ ಹ್ಯಾಕು!”

ನಾನು ನಗುತ್ತಲೇ ಇದ್ದೆ. ಆದರೆ ಒಳಗೆ ಸಣ್ಣದೊಂದು ಹೊಟ್ಟೆಕಿಚ್ಚೂ ಇತ್ತು. ವಾಲಿವಧೆಯ ಬಗ್ಗೆ ನನ್ನ ಬಳಿ ಒಂದು ಇಡೀ ನೋಟ್‌ಬುಕ್ ಇದೆ. ವಾಲ್ಮೀಕಿಯ ರಾಮ ವಾಲಿಗೆ ಕೊಡುವ ಉತ್ತರ ಹೆಚ್ಚುಕಡಿಮೆ ಕಾನೂನಿನದು: ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಶಿಕ್ಷೆಗೆ ಅರ್ಹ, ಮೇಲಾಗಿ ನೀನು ಮೃಗ, ಬೇಟೆಯಲ್ಲಿ ಮರೆಯಿಂದ ಹೊಡೆಯುವುದು ತಪ್ಪಲ್ಲ. ಸಾಯುತ್ತಿರುವ ವಾಲಿಯ ದೂರು ಮಾತ್ರ ಕಾನೂನಿಗಷ್ಟೇ ನಿಲ್ಲುವುದಿಲ್ಲ. ನಿನ್ನಂಥವನು ಹೀಗೆ ಹೊಡೆದೆಯಲ್ಲ ಎಂಬ ನೋವು ಅದರಲ್ಲಿದೆ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ ಎಂದು ನಾನು ನಾಲ್ಕು ಪುಟ ಬರೆದಿದ್ದೆ. ಕುಷ್ಟಗಿಯವರು ಅದನ್ನೇ ಎರಡು ಸಾಲಿನಲ್ಲಿ ಹೇಳಿದ್ದರು. ನಿಯಮ ಒಪ್ಪುವುದು ಬೇರೆ, ಜತೆಗೆ ಆಡುವವರು ಒಪ್ಪುವುದು ಬೇರೆ. ಈ ವ್ಯತ್ಯಾಸವನ್ನು ಅವರಿಗೆ ಧರ್ಮಶಾಸ್ತ್ರ ಕಲಿಸಿರಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಇಯರ್‌ಫೋನ್ ಹಾಕಿಕೊಂಡು ಆಡಿದ ಆಟ ಕಲಿಸಿತ್ತು. ಅಣ್ಣನ ಮಾತು ಇನ್ನೂ ಒಂದು ಹೆಜ್ಜೆ ಮುಂದಿನದು. ಎದುರಾಳಿಗೆ ಮೊದಲೇ ಅನ್ಯಾಯದ ಬಲ ಸಿಕ್ಕಿದ್ದರೆ ಆಟದ ಮರ್ಯಾದೆ ಯಾರ ಮೇಲೆ ಎಷ್ಟು ಉಳಿಯುತ್ತದೆ? ಇನ್ನು ಕೊನೆಯ ಆ ಸರ್ವರ್ ಮಾತು: ಆಟ ಕಟ್ಟಿದವರೇ ಒಬ್ಬನಿಗೆ ವರ ಕೊಟ್ಟಿದ್ದರೆ ದೂರು ಯಾರಿಗೆ?

ನಾನು ಅವರಿಗೆ ನಾಗಚಂದ್ರನ ವಿಷಯ ಹೇಳಿದೆ. ಅವನ ‘ರಾಮಚಂದ್ರಚರಿತ ಪುರಾಣ’ ಜೈನ ರಾಮಾಯಣ. ಅದರಲ್ಲಿ ರಾಮ ವಾಲಿಯನ್ನು ಕೊಲ್ಲುವುದೇ ಇಲ್ಲ. ವಾಲಿ ವೈರಾಗ್ಯದಿಂದ ದೀಕ್ಷೆ ತೆಗೆದುಕೊಂಡು ಹೊರಟುಹೋಗುತ್ತಾನೆ. ರಾಮನಿಂದ ಸಾಯುವವನು ಸುಗ್ರೀವನ ರೂಪ ಧರಿಸಿ ಬಂದ ಮೋಸಗಾರ. ಕೊಪ್ಪಳವೂ ಹಿಂದೆ ಕೊಪಣ ಎಂಬ ಹೆಸರಿನ ದೊಡ್ಡ ಜೈನ ತೀರ್ಥವಾಗಿತ್ತು, ಈ ಕಥೆಯನ್ನೂ ಇಲ್ಲಿ ಯಾರೋ ಕೂತು ಕೇಳಿರಬಹುದು ಎಂದೆ. ಕುಷ್ಟಗಿಯವರು ಸ್ವಲ್ಪ ಯೋಚಿಸಿ, “ಬಗ್ ಐತಿ ಅಂತ ಅವರಿಗೂ ಗೊತ್ತಾಗಿತ್ತು ತಂಗಿ. ಅಪ್‌ಡೇಟ್ ಬಿಟ್ಟಾರ,” ಅಂದರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾಮ ತಾನು ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾನೆ ಎಂದಾಗ ಮಿಲ್ಲಿನವರಿಗೆ ಅದು ಹಿಡಿಸಿತು. ಕಥೆಯನ್ನೇ ಬದಲಿಸಿ ಕಳಂಕ ತೆಗೆಯುವುದಕ್ಕಿಂತ ಕಳಂಕವನ್ನು ಇಟ್ಟುಕೊಂಡು ನರಳುವುದು ದೊಡ್ಡದು ಎಂಬ ಅರ್ಥದಲ್ಲಿ ಏನೋ ಹೇಳಿದರು. ಎರಡು ಕಾವ್ಯಗಳ ತೌಲನಿಕ ಅಧ್ಯಯನ ನದಿದಂಡೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿದಿತ್ತು.

ಈ ಲೇಖನ ಬರೆಯಲು ಆ ಹತ್ತು ನಿಮಿಷವೇ ಕಾರಣ. ವಿಡಿಯೊ ಗೇಮು, ಕಾಮಿಕ್ಸು, ಸಿನಿಮಾ, ಟಿವಿಯ ಬಗ್ಗೆ ಗೆಳೆಯರು ಆಡುವ ಮಾತನ್ನು ನಾವು ಹೊತ್ತು ಕಳೆಯುವ ಹರಟೆ ಎಂದು ಬದಿಗಿಡುತ್ತೇವೆ. ನನಗೆ ಅದು ವಿಮರ್ಶೆಯೇ ಅನ್ನಿಸುತ್ತದೆ. ಅದೂ ಒಂದು ಮಾಧ್ಯಮದಲ್ಲಿ ಕಲಿತ ಮಾತಿನಿಂದ ಇನ್ನೊಂದನ್ನು ತೂಗುವ ವಿಮರ್ಶೆ. ನಮ್ಮ ಸೆಮಿನಾರುಗಳಲ್ಲಿ ಜನಪ್ರಿಯ ಸಂಸ್ಕೃತಿಗೆ ಒಂದು ಗೋಷ್ಠಿ ಇದ್ದೇ ಇರುತ್ತದೆ. ಅಲ್ಲಿಯ ಪ್ರಬಂಧಗಳ ಹೆಸರಿನಲ್ಲಿ ‘ಯುವಜನರ ಮೇಲೆ ಪ್ರಭಾವ’ ಎಂಬುದೂ ಇದ್ದೇ ಇರುತ್ತದೆ. ಯುವಜನರು ಪ್ರಭಾವಕ್ಕೆ ಒಳಗಾಗುವವರು ಮಾತ್ರ; ಅವರು ತೀರ್ಪು ಕೊಡುತ್ತಾರೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಾನು ಒಮ್ಮೆ ಇಂಥ ಮಾತುಕತೆಗಳ ಬಗ್ಗೆ ಪ್ರಬಂಧ ಓದಿದಾಗ ಹಿರಿಯರೊಬ್ಬರು “ಇದರಲ್ಲಿ ಪಠ್ಯ ಎಲ್ಲಿದೆಯಮ್ಮ?” ಎಂದು ಕೇಳಿದ್ದರು. ಆಗ ಉತ್ತರ ತೋಚಿರಲಿಲ್ಲ. ಅಜ್ಜಿಯ ಬೀಸುವ ಪದಗಳನ್ನು ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ಸಂಗ್ರಹಿಸಿದ ಜಾನಪದ ವಿಭಾಗಗಳು ಮೊಮ್ಮಗನ ಮಾತನ್ನು ಕೇಳಿಸಿಕೊಂಡಿಲ್ಲ ಎಂದಾದರೂ ಹೇಳಬಹುದಿತ್ತು.

ಈ ಮಾತಿಗೆ ನಮ್ಮ ಕಡೆ ಇನ್ನೊಂದು ಕಾರಣವೂ ಇದೆ, ಅದು ಭಾಷೆಯದು. ನಾನು ಹುಟ್ಟಿದ್ದು ತೊಂಬತ್ತರ ದಶಕದ ಕೊನೆಗೆ. ‘ಶಕ್ತಿಮಾನ್’ ದೂರದರ್ಶನದಲ್ಲಿ 1997ರಿಂದ 2005ರವರೆಗೆ ಬಂತು, ಹಿಂದಿಯಲ್ಲಿ. ಹೊರಗಿನ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡಬಾರದು ಎಂಬ ಅಲಿಖಿತ ಕಟ್ಟು ಅರವತ್ತರ ದಶಕದಿಂದ ಇತ್ತು. ಅದರ ಹಿಂದೆ ಕನ್ನಡ ಚಿತ್ರರಂಗ ಉಳಿಯಬೇಕೆಂಬ ನ್ಯಾಯವಾದ ಕಳಕಳಿಯೂ ಇತ್ತು, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. 2012ರಲ್ಲಿ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಿಗೆ ಡಬ್ ಆಗಿಯೂ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ, 2017ರ ಸುಮಾರಿಗೆ ಡಬ್ ಆದ ಸಿನಿಮಾ ಮತ್ತೆ ತೆರೆಗೆ ಬಂತು. ನಡುವಿನ ಅಷ್ಟೂ ವರ್ಷ ಯಲಬುರ್ಗಾ ಕಡೆಯ ಹುಡುಗರು ಹೊರಗಿನ ಕಥೆಗಳನ್ನು ಯಾವ ಕನ್ನಡದಲ್ಲಿ ಪಡೆದರು ಎಂದು ಡಬ್ಬಿಂಗಿನ ಪರ ನಿಂತವರೂ ವಿರೋಧ ನಿಂತವರೂ ಕೇಳಿದ್ದನ್ನು ನಾನು ಕಂಡಿಲ್ಲ.

ಗೆಳೆಯನ ಕನ್ನಡದಲ್ಲಿ ಪಡೆದರು. ನಮ್ಮ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಪ್ರತಿ ಓಣಿಯಲ್ಲೂ ಉರ್ದು ಬಲ್ಲ ಮನೆಗಳಿದ್ದವು. ಶಕ್ತಿಮಾನ್ ನೋಡುವಾಗ ಅಂಥ ಮನೆಯ ಹುಡುಗನೊಬ್ಬ ಟಿವಿಯ ಪಕ್ಕ ಕೂರುತ್ತಿದ್ದ. ತಮ್ರಾಜ್ ಕಿಲ್ವಿಷ್ ಏನಂದ ಎಂದು ಉಳಿದವರು ಅವನ ಮುಖ ನೋಡುತ್ತಿದ್ದರು. ಅವನು ಹೇಳಿದ್ದೇ ಕಥೆ. ಅವನಿಗೆ ಬೇಸರ ಬಂದ ದಿನ ಕಥೆ ಗಿಡ್ಡವಾಗುತ್ತಿತ್ತು. ಹುರುಪಿದ್ದರೆ ಕಿಲ್ವಿಷ್ ಇಲ್ಲದ ಮಾತನ್ನೂ ಆಡುತ್ತಿದ್ದ.

ನನಗೆ ಅದೂ ಸಿಗುತ್ತಿರಲಿಲ್ಲ. ಟಿವಿ ಇದ್ದದ್ದು ಬೇರೆಯವರ ಮನೆಯಲ್ಲಿ. ಗಂಡುಹುಡುಗರು ತುಂಬಿದ ಪಡಸಾಲೆಗೆ ನನ್ನನ್ನು ಅವ್ವ ಕಳಿಸುತ್ತಿರಲಿಲ್ಲ. ನನ್ನ ಪಾಲಿಗೆ ಬರುತ್ತಿದ್ದದ್ದು ಎರಡು: ಹಳೆಯ ‘ಬಾಲಮಂಗಳ’ದೊಳಗಿನ ಡಿಂಗ, ಮತ್ತು ರಾತ್ರಿ ಹಾಸಿಗೆಯಲ್ಲಿ ಅಣ್ಣ ಹೇಳುತ್ತಿದ್ದ ಸಿನಿಮಾ. ಡಿಂಗ ಶಕ್ತಿವಂತ ಇಲಿ, ಕಾಡಿನ ಪ್ರಾಣಿಗಳನ್ನು ಕಾಯುತ್ತಿತ್ತು. ಕೇರಳದಲ್ಲಿ ಡಿಂಕನ್ ಆಗಿ ಹುಟ್ಟಿ ನಮ್ಮಲ್ಲಿ ಡಿಂಗನಾದದ್ದು ಎಂದು ತಿಳಿದದ್ದು ಎಂ.ಎ. ಓದುವಾಗ. ಸ್ವಲ್ಪ ಬೇಜಾರೂ ಆಯಿತು, ನಮ್ಮವನೇ ಎಂದುಕೊಂಡಿದ್ದೆ.

ಅಣ್ಣ ಹೇಳಿದ ಸಿನಿಮಾಗಳಲ್ಲಿ 2002ರ ‘ಸ್ಪೈಡರ್‌ಮ್ಯಾನ್’ ನನಗೆ ಈಗಲೂ ಮಾತುಮಾತಿಗೆ ನೆನಪಿದೆ. ಕೇಬಲ್ಲಿನಲ್ಲಿ ಹಿಂದಿಯಲ್ಲಿ ಬಂದದ್ದನ್ನು ಅವನು ಯಾರ ಮನೆಯಲ್ಲೋ ನೋಡಿದ್ದ. ಪೀಟರನಿಗೆ ಜೇಡ ಕಚ್ಚಿದ್ದು, ಗೋಡೆ ಹತ್ತಿದ್ದು ಎರಡು ನಿಮಿಷದಲ್ಲಿ ಮುಗಿಯಿತು. ಕುಸ್ತಿ ಆಡಿಸಿದವನು ದುಡ್ಡು ಕೊಡದೆ ಮೋಸ ಮಾಡಿದ, ಆ ಸಿಟ್ಟಿಗೆ ಪೀಟರ್ ಎದುರಿಗೇ ಓಡಿ ಹೋಗುತ್ತಿದ್ದ ಕಳ್ಳನನ್ನು ಹಿಡಿಯದೆ ಬಿಟ್ಟ, ಹೊರಗೆ ಬಂದು ನೋಡಿದರೆ ತನ್ನನ್ನು ಸಾಕಿದ ಕಾಕಾ ರಸ್ತೆಯಲ್ಲಿ ಬಿದ್ದಿದ್ದಾನೆ, ಹೊಡೆದವನು ಅದೇ ಕಳ್ಳ. ಇಷ್ಟಕ್ಕೆ ಅಣ್ಣ ಅರ್ಧ ಗಂಟೆ ತೆಗೆದುಕೊಂಡ. ಕಾಕಾನ ಮಾತು, ಪೀಟರನ ಅಳು, ಜನ ಸುತ್ತ ನಿಂತದ್ದು, ಎಲ್ಲ ಕಂಪನಿ ನಾಟಕದ ಸೀನಿನಂತೆ ಬಂತು. ಹಸಿರು ಮುಖವಾಡದವನ ಜತೆಗಿನ ಕೊನೆಯ ಹೊಡೆದಾಟ? “ಆಮ್ಯಾಲ ಜಗಳ ಆತು, ಇಂವ ಗೆದ್ದ.” ವರ್ಷಗಳ ನಂತರ ನಾನು ಆ ಸಿನಿಮಾ ನೋಡಿದಾಗ ಕಾಕಾ ಸಾಯುವ ದೃಶ್ಯ ಇಷ್ಟು ಬೇಗ ಮುಗಿಯಿತೇ ಎಂದು ನಿರಾಸೆಯಾಯಿತು. ಸಿನಿಮಾದಲ್ಲಿ ಹೊಡೆದಾಟಕ್ಕೆ ಕೊಟ್ಟ ಜಾಗ ಅಣ್ಣನ ಕಥೆಯಲ್ಲಿ ತಪ್ಪಿನ ಅರಿವಿಗೆ ಸಿಕ್ಕಿತ್ತು. ಯಾವುದನ್ನು ಹಿಗ್ಗಿಸಬೇಕು, ಯಾವುದನ್ನು ಒಂದು ಸಾಲಿಗೆ ಇಳಿಸಬೇಕು ಎಂದು ಹತ್ತು ಹನ್ನೆರಡು ವರ್ಷದ ಹುಡುಗ ತಾನೇ ತೀರ್ಮಾನಿಸಿದ್ದ. ವಿಮರ್ಶಕ ಮಾಡುವುದು ಇದಕ್ಕಿಂತ ಬೇರೆಯೇನಲ್ಲ.

ಕೊಪಣ, ಪುಲಿಗೆರೆ, ಕಿಸುವೊಳಲು, ಒಕ್ಕುಂದಗಳ ನಡುವಿನದು ಕನ್ನಡದ ತಿರುಳು ಎಂದು ‘ಕವಿರಾಜಮಾರ್ಗ’ ಹೇಳಿದೆ ಎಂಬುದನ್ನು ಕೊಪ್ಪಳದವರು ಪ್ರತಿ ನವೆಂಬರಿನಲ್ಲೂ ವೇದಿಕೆ ಹತ್ತಿ ಹೇಳುತ್ತೇವೆ. ಟಿವಿ ಹಾಕಿದರೆ ನಮ್ಮ ಮಾತು ಬಹುಪಾಲು ನಗಿಸುವವರ ಬಾಯಲ್ಲೇ ಸಿಗುತ್ತದೆ. ಗಂಗಾವತಿಯ ಪ್ರಾಣೇಶರು ಆ ಮಾತನ್ನೇ ವೇದಿಕೆಗೆ ತಂದು ನಾಡಿಗೆಲ್ಲ ಕೇಳಿಸಿದರು, ಅದು ದೊಡ್ಡ ಕೆಲಸ. ಆದರೆ ನಗಿಸುವುದಕ್ಕಲ್ಲದೆ ಅಳಿಸುವುದಕ್ಕೆ, ವಾದಿಸುವುದಕ್ಕೆ ಆ ಮಾತನ್ನು ಬಳಸಿದ ಕಥೆಗಳನ್ನು ನಾನು ಪರದೆಯ ಮೇಲೆ ಕಂಡದ್ದು ಕಡಿಮೆ. ಸ್ಪೈಡರ್‌ಮ್ಯಾನ್‌ನ ಕಾಕಾ ನಮ್ಮ ಮಾತಿನಲ್ಲಿ ಸತ್ತದ್ದು ನಮ್ಮ ಮನೆಯ ಹಾಸಿಗೆಯ ಮೇಲೆ ಮಾತ್ರ.

ಈಗ ‘ಹನುಮಾನ್’ಗೆ ಬರೋಣ. ಪ್ರಶಾಂತ್ ವರ್ಮ ನಿರ್ದೇಶನದ ಈ ತೆಲುಗು ಸಿನಿಮಾ ಕನ್ನಡಕ್ಕೂ ಡಬ್ ಆಗಿತ್ತು. ನಮ್ಮ ನಾಲ್ವರು ನೋಡಿದ್ದು ತೆಲುಗಿನಲ್ಲೇ, ಕ್ಯಾಂಪಿನವರನ್ನು ನಡುವೆ ಕೂರಿಸಿಕೊಂಡು. ಕಥೆ ನಡೆಯುವ ಊರಿನ ಹೆಸರು ಅಂಜನಾದ್ರಿ. ಗಂಗಾವತಿ ತಾಲ್ಲೂಕಿನವರಿಗೆ ಅಂಜನಾದ್ರಿ ಎಂದರೆ 575 ಮೆಟ್ಟಿಲಿನ ಬಿಳಿ ಬಳಿದ ಗುಡಿಯ ಬೆಟ್ಟ, ಹನುಮ ಹುಟ್ಟಿದ ಜಾಗ. 2021ರಲ್ಲಿ ತಿರುಮಲದವರು ಹನುಮ ಹುಟ್ಟಿದ ಅಂಜನಾದ್ರಿ ತಮ್ಮಲ್ಲಿದೆ ಎಂದು ಸಾರಿದಾಗಲೂ ಇವರ ನಡುವೆ ದೊಡ್ಡ ಜಗಳವಾಗಿತ್ತು, ಕ್ಯಾಂಪಿನವರು ಎರಡೂ ಕಡೆ ಸಿಕ್ಕಿಕೊಂಡಿದ್ದರು. ಸಿನಿಮಾದ ಅಂಜನಾದ್ರಿ ಕಲ್ಪನೆಯ ಊರು. ನಾಯಕ ಹನುಮಂತು ಸಮುದ್ರಕ್ಕೆ ಬಿದ್ದಾಗ ಅವನಿಗೆ ಹನುಮನ ರಕ್ತದ ಹನಿಯಿಂದಾದ ಮಣಿ ಸಿಗುತ್ತದೆ, ಸೂರ್ಯನ ಬೆಳಕಿನಲ್ಲಿ ಅದು ಅವನಿಗೆ ಬಲ ಕೊಡುತ್ತದೆ.

“ನಮ್ಮ ಅಂಜನಾದ್ರಿಗೆ ಸಮುದ್ರ ಯಾವಾಗ ಬಂತಲೇ?” ಎಂಬುದು ಮೊದಲ ಆಕ್ಷೇಪ. ಇದು ನಗೆಗೆ ಹೇಳಿದ್ದು; ಕಲ್ಪನೆಯ ಊರಿಗೆ ಸಮುದ್ರ ಇರಬಾರದು ಎಂದು ಯಾರೂ ಹಟ ಹಿಡಿಯಲಿಲ್ಲ. ಗಟ್ಟಿಯಾದ ಆಕ್ಷೇಪ ಮಣಿಯ ಬಗ್ಗೆ ಬಂತು. ಮಿಲ್ಲಿನವರು ಹೇಳಿದ್ದು ಹೀಗೆ: ಹನುಮಪ್ಪನಿಗೆ ಬಲ ಹೊರಗಿನಿಂದ ಬರಲಿಲ್ಲ, ಇದ್ದೇ ಇತ್ತು, ಮರೆತಿದ್ದ. ಸಮುದ್ರದ ದಂಡೆಯಲ್ಲಿ ಎಲ್ಲರೂ ಕೈಚೆಲ್ಲಿ ಕೂತಾಗ ಜಾಂಬವ ಹತ್ತಿರ ಬಂದು ನೀನು ಯಾರು ಗೊತ್ತೇನು ಎಂದು ನೆನಪಿಸಿದ. ಮಣಿ ಸಿಕ್ಕು ಬಲ ಬಂದರೆ ಅದು ಪಬ್ಜಿಯ ಆಕಾಶದಿಂದ ಬೀಳುವ ಪೆಟ್ಟಿಗೆ ಇದ್ದಂತೆ. ಯಾರು ಮೊದಲು ಮುಟ್ಟಿದರೋ ಅವರದು. ಹನುಮಪ್ಪನಿಗೆ ಬೇಕಾಗಿದ್ದು ಪೆಟ್ಟಿಗೆಯಲ್ಲ, ಒಬ್ಬ ದೋಸ್ತ.

ಈ ಸಿನಿಮಾದ ಬಗ್ಗೆ ಪತ್ರಿಕೆಗಳಲ್ಲಿ ನಾನು ಓದಿದ್ದು ಹೆಚ್ಚಾಗಿ ಕಡಿಮೆ ಖರ್ಚಿನಲ್ಲಿ ಮಾಡಿದ ಗ್ರಾಫಿಕ್ಸಿನ ಹೊಗಳಿಕೆ. ಮಿಲ್ಲಿನವರ ಆಕ್ಷೇಪ ಕಥೆಯ ಬೇರಿಗೇ ಹೋಗಿತ್ತು. ಕಾಮಿಕ್ಸಿನ ಸೂಪರ್‌ಹೀರೊಗೆ ಬಲ ಬರುವುದು ಅಪಘಾತದಿಂದ: ಜೇಡ ಕಚ್ಚುತ್ತದೆ, ಪ್ರಯೋಗಾಲಯ ಸಿಡಿಯುತ್ತದೆ, ಮಣಿ ಸಿಗುತ್ತದೆ. ಹನುಮನ ಕಥೆಯಲ್ಲಿ ಅಪಘಾತವಿಲ್ಲ, ಮರೆವು ಇದೆ. ಸಿನಿಮಾ ಹನುಮನ ಹೆಸರಿಟ್ಟುಕೊಂಡು ಸ್ಪೈಡರ್‌ಮ್ಯಾನ್‌ನ ಎಲುಬುಗೂಡನ್ನು ತೊಟ್ಟಿದೆ. ಒಂದು ಮಾತು ಸಿನಿಮಾದ ಪರವಾಗಿಯೂ ಹೇಳಬೇಕು. ಅದರ ಖಳ ಮೈಕಲ್, ಸೂಪರ್‌ಹೀರೊ ಆಗುವ ಹುಚ್ಚಿಗೆ ಚಿಕ್ಕಂದಿನಲ್ಲೇ ಹೆತ್ತವರನ್ನು ಕೊಂದವನು. ಕಥೆಗಳಲ್ಲಿ ಹೀರೊಗಳು ತಬ್ಬಲಿಗಳಾಗಿರುತ್ತಾರಲ್ಲ, ಅದಕ್ಕೆ. ಕಾಮಿಕ್ಸನ್ನು ತಪ್ಪಾಗಿ ಓದಿದವನೇ ಖಳ. ಈ ಒಂದು ಎಳೆಗಾಗಿ ನಾನು ಆ ಸಿನಿಮಾಕ್ಕೆ ಅರ್ಧ ಮಾಫಿ ಕೊಡುತ್ತೇನೆ. ಅಣ್ಣ ಪೂರ್ತಿ ಕೊಟ್ಟ.

ನಮ್ಮ ಊರುಕೇರಿಗಳು ಹೀಗೆ ಹೊರಗಿನವರ ಕಥೆಗೆ ಹಿನ್ನೆಲೆಯಾಗುವುದು ಹೊಸದಲ್ಲ. 2005ರ ಜಾಕಿ ಚಾನ್ ಸಿನಿಮಾ ‘ದಿ ಮಿಥ್’ನಲ್ಲಿ ಹಂಪಿಯ ಕಲ್ಲುಗಳಿವೆ. 2017ರಲ್ಲಿ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಪ್ಲೇಸ್ಟೇಷನ್ ಆಟ ಪಶ್ಚಿಮ ಘಟ್ಟದಲ್ಲಿ ನಡೆಯುತ್ತದೆ, ಕ್ಲೋಯಿ ಎಂಬವಳು ಹೊಯ್ಸಳರ ಪಾಳು ಪಟ್ಟಣದಲ್ಲಿ ಗಣೇಶನ ದಂತ ಹುಡುಕುತ್ತಾಳೆ. ಇವರಲ್ಲಿ ಪ್ಲೇಸ್ಟೇಷನ್ ಯಾರ ಹತ್ತಿರ ಇತ್ತು? ಕುಷ್ಟಗಿಯವರು ಬೇರೆ ಯಾರೋ ಆಡಿದ್ದನ್ನು ಯೂಟ್ಯೂಬಿನಲ್ಲಿ ಕಂತು ಕಂತಾಗಿ ಪೂರ್ತಿ ನೋಡಿದ್ದಾರೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ. ಅವರ ಟೀಕೆ ಇಷ್ಟು: “ಅಷ್ಟು ದೊಡ್ಡ ಗುಡಿ. ಒಬ್ಬ ಪೂಜಾರಿ ಇಲ್ಲ, ಒಂದು ದನ ಇಲ್ಲ, ಹೊರಗ ಕಾಯಿ ಮಾರಾಕಿ ಇಲ್ಲ. ಬರೇ ಬಂದೂಕ ಹಿಡಿದವರು. ಇದು ಯಾವ ಗುಡಿ?”

ಯಲಬುರ್ಗಾ ಸೀಮೆಯ ಇಟಗಿಗೆ ಹೋದವರಿಗೆ ಈ ಟೀಕೆಯ ತೂಕ ತಿಳಿಯುತ್ತದೆ. ದೇವಾಲಯ ಚಕ್ರವರ್ತಿ ಎಂದು ಶಾಸನ ಹೊಗಳಿದ, 1112ರ ಮಹಾದೇವ ಗುಡಿ ಅದು. ಪಕ್ಕದಲ್ಲೇ ಊರಿದೆ, ಹೊಲವಿದೆ. ಆನೆಗೊಂದಿಯಲ್ಲಂತೂ ಪಾಳು ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಹೇಳುವುದು ಕಷ್ಟ. ಆಟ ಕಟ್ಟಿದವರಿಗೆ ಖಾಲಿ ಪಾಳು ಬೇಕು, ಏಕೆಂದರೆ ಆಡುವವನು ಅದನ್ನು ಕಂಡುಹಿಡಿಯಬೇಕು. ಜನ ವಾಸವಾಗಿರುವ ಜಾಗವನ್ನು ಯಾರೂ ಕಂಡುಹಿಡಿಯಲಾಗುವುದಿಲ್ಲ. ವಸಾಹತು ಕಾಲದ ಪ್ರವಾಸಕಥನಗಳ ಬಗ್ಗೆ ನಾವು ತರಗತಿಯಲ್ಲಿ ಕಲಿಯುವ ಪಾಠ ಇದೇ. ಇನ್ನೂ ಒಂದು ಆಟದ ಹೆಸರು ಹೇಳಿ ಮುಂದೆ ಹೋಗುತ್ತೇನೆ: ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’. ರಾಕ್ಷಸರು ಒಯ್ದ ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯ ಕಥೆ. ನಡುನಡುವೆ ಕಥೆ ತೊಗಲುಗೊಂಬೆಯ ನೆರಳಿನ ರೀತಿಯ ಚಿತ್ರಗಳಲ್ಲಿ ಬರುತ್ತದೆ, ಅದು ಕಣ್ಣಿಗೆ ಹಬ್ಬ. ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು, ಹುಡುಗಿಯನ್ನು ಮೇಲಿನಿಂದ ನೋಡುತ್ತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಆಟ ನನಗೆ ಮತ್ತೆ ನೆನಪಾಯಿತು. ತೊಂಬತ್ತು ದಾಟಿದ ವಯಸ್ಸಿನಲ್ಲಿ ಸಿಕ್ಕ ಗೌರವ. ತೊಗಲುಗೊಂಬೆಯಾಟದಲ್ಲಿ ರಾಮ ರಾವಣರ ಜತೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬರುತ್ತಾರೆ. ರಾಮಾಯಣದ ಯಾವ ಓಲೆಗರಿಯಲ್ಲೂ ಇಲ್ಲದ ಜೋಡಿ. ಯುದ್ಧದ ನಡುವೆ ನುಗ್ಗಿ ಊರಿನ ಸುದ್ದಿ ಆಡುತ್ತಾರೆ, ದೊಡ್ಡವರನ್ನು ಹಂಗಿಸುತ್ತಾರೆ, ಕಥೆಗೆ ಅಡ್ಡ ಮಾತು ಹಾಕುತ್ತಾರೆ. ‘ರಾಜಿ’ಯ ಚಂದದ ನೆರಳುಗಳಲ್ಲಿ ಈ ಜೋಡಿ ಇಲ್ಲ. ಆಟವನ್ನು ನೋಡುತ್ತ ಮಾತಾಡುವ ಇಬ್ಬರು ಬೇಕು ಎಂಬುದು ಮಾತ್ರ ಹೇಗೋ ಉಳಿದಿದೆ, ಅವರು ದೇವರುಗಳಾಗಿದ್ದಾರೆ. ನಮ್ಮ ನಾಲ್ವರನ್ನು ಕಿಳ್ಳೇಕ್ಯಾತನ ವಂಶದವರು ಎಂದು ಕರೆದರೆ ಅವರು ಬೇಜಾರಾಗಲಿಕ್ಕಿಲ್ಲ.

ಆದರೆ ಕಿಳ್ಳೇಕ್ಯಾತನಿಗೆ ಪರದೆಯ ಮೇಲೆ ಜಾಗವಿತ್ತು. ಇವರಿಗೆ ಕಟ್ಟೆಯೇ ಇಲ್ಲ. ಡಿಗ್ರಿ ಮುಗಿದ ಮೇಲೆ ನಾಲ್ವರೂ ನಾಲ್ಕು ಕಡೆ ಆದರು. ಒಬ್ಬರು ಸಿಕ್ಕರೆ ಒಬ್ಬರಿಲ್ಲ. ಪಬ್ಜಿ ಬಂದ ಮೇಲೆ ರಾತ್ರಿ ಹನ್ನೊಂದಕ್ಕೆ ನಾಲ್ವರ ತಂಡ ಮತ್ತೆ ಸೇರಿತು. ಬಾಗಿಲ ಆಚೆಯಿಂದ ನಾನು ಕೇಳಿದ್ದೇನೆ: “ಎಡಕ ಮನಿಯಾಗ ಒಬ್ಬ ಅದಾನ ನೋಡು” ಎಂಬುದರ ಹಿಂದೆಯೇ “ಅಪ್ಪಾರ ಶುಗರ್ ಕಡಿಮಿ ಆತೇನು?” ಬರುತ್ತಿತ್ತು. ಆಟ ನಡೆಯುತ್ತಲೇ ಭತ್ತದ ರೇಟು, ಹೊಸ ಸಿನಿಮಾ, ಯಾರದೋ ಮದುವೆ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಆ ಆಪ್ ನಿಷೇಧಿಸಿತು. ದೇಶದ ಭದ್ರತೆಯ ಕಾರಣ ದೊಡ್ಡದು, ಅದರ ಬಗ್ಗೆ ನನ್ನ ವಾದವಿಲ್ಲ. ಹುಡುಗರು ಹಾಳಾಗುವುದು ತಪ್ಪಿತು ಎಂದು ಅವತ್ತು ಊರಲ್ಲಿ ಹಿರಿಯರು ಖುಷಿಪಟ್ಟರು. ಅದರಲ್ಲೂ ಸುಳ್ಳಿರಲಿಲ್ಲ, ಆ ಆಟಕ್ಕೆ ಓದು ನಿದ್ದೆ ಕಳಕೊಂಡವರು ನಮ್ಮ ಓಣಿಯಲ್ಲೇ ಇದ್ದರು. ಅಣ್ಣ ಮಾತ್ರ ಒಂದು ವಾರ ರಾತ್ರಿ ಹನ್ನೊಂದಕ್ಕೆ ಸುಮ್ಮನೆ ಮಾಳಿಗೆಯ ಮೇಲೆ ಅಡ್ಡಾಡಿದ. ಫೋನ್ ಮಾಡಿ ಮಾತಾಡಬಹುದಲ್ಲ ಎಂದೆ. “ಏನಂತ ಮಾಡ್ಲಿ?” ಅಂದ. ಗಂಡಸರಿಗೆ ಸುಮ್ಮನೆ ಮಾತಾಡಲು ಒಂದು ನೆಪ ಬೇಕು. ಕೈಯಲ್ಲಿ ಆಟ ಇಲ್ಲದೆ ಅಪ್ಪನ ಶುಗರ್ ಕೇಳಲು ಬಾಯಿ ಬರುವುದಿಲ್ಲ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, ಕಟ್ಟೆಯೂ ಮರಳಿತು. ಮುಂದೆ ಒಮ್ಮೆ ಅದೂ ಹೋಗಿ, 2023ರಲ್ಲಿ ಮತ್ತೆ ಬಂತು.

ನನಗೆ ಇದೆಲ್ಲ ಅರ್ಧ ಹೊರಗಿನಿಂದ ಕೇಳಿ ಗೊತ್ತು. ಈ ವಿಮರ್ಶೆಯನ್ನು ಹೊಗಳುವಾಗ ಆ ಮಾತನ್ನು ಬಿಡಬಾರದು. ಕಟ್ಟೆಯಲ್ಲಿ ಹುಡುಗಿಯರಿಲ್ಲ. ತಂಡದ ನಾಲ್ಕನೆಯವ ಬಾರದಿದ್ದ ದಿನ ನನ್ನನ್ನು ಕರೆದಿಲ್ಲ, ನಾನೂ ಕೇಳಿಲ್ಲ. ನಾನು ಹತ್ತಿರ ಬಂದರೆ ಮಾತಿನ ರುಚಿ ಬದಲಾಗುತ್ತದೆ, ಬೈಗುಳ ಕಡಿಮೆಯಾಗುತ್ತದೆ, ನಗೆ ಒಂದು ಗೇಣು ಕುಗ್ಗುತ್ತದೆ. ಚಿಂತಾಮಣಿಯಲ್ಲಿ ಅವತ್ತು ವಾಲಿಯ ವಾದ ಮುಗಿಯುವಾಗ ನಾನು ತಾರೆಯ ಬಗ್ಗೆ ಕೇಳಿದೆ. ಸುಗ್ರೀವ ಎರಡನೆಯ ಸಲ ಕರೆದಾಗ ವಾಲಿಯನ್ನು ತಡೆದದ್ದು ಅವನ ಹೆಂಡತಿ ತಾರೆ. ಸೋತು ಓಡಿದವನು ಇಷ್ಟು ಬೇಗ ಮರಳಿ ಬಂದಿದ್ದಾನೆಂದರೆ ಅವನ ಬೆನ್ನಿಗೆ ಯಾರೋ ಇದ್ದಾರೆ, ಹೋಗಬೇಡ ಎಂದಿದ್ದಳು. ಇಡೀ ಪ್ರಸಂಗದಲ್ಲಿ ನಡೆಯುತ್ತಿರುವುದು ಏನೆಂದು ಮೊದಲು ಓದಿಕೊಂಡವಳು ಅವಳೇ. “ನಿಮ್ಮ ಆಟದಾಗ ಆಕಿ ಯಾರು ಅಣ್ಣಾ?” ಎಂದು ಕುಷ್ಟಗಿಯವರನ್ನು ಕೇಳಿದೆ. ಯಾರಿಗೂ ಉತ್ತರ ಹೊಳೆಯಲಿಲ್ಲ. ಹೊಡೆಯುವವರಿಗೆ, ಅಡಗುವವರಿಗೆ, ಮೋಸ ಮಾಡುವವರಿಗೆ ಆ ಆಟದಲ್ಲಿ ಹೆಸರಿದೆ. ಮನೆಯ ಬಾಗಿಲಲ್ಲಿ ನಿಂತು ಹೋಗಬೇಡ ಎನ್ನುವವಳಿಗೆ ಇಲ್ಲ. ಹೊತ್ತು ಮುಳುಗಿತ್ತು, ಗಾಡಿ ಹತ್ತಿದೆವು.

ಹದಿನೈದು ದಿನದ ಮೇಲೆ ರಾತ್ರಿ ಆಡುತ್ತಿದ್ದ ಅಣ್ಣ ನನ್ನ ಕೋಣೆಗೆ ಬಂದು ಮೊಬೈಲಿನ ಸ್ಪೀಕರ್ ಹಾಕಿದ. ಆಚೆಯಿಂದ ಕುಷ್ಟಗಿಯವರ ದನಿ: “ತಂಗಿ, ತಾರಾ ಕಾಲ್‌ಔಟ್ ಕೊಟ್ಟಾಳ. ವೈರಿ ಎಲ್ಲಿ ಅದಾನ ಅಂತ ಸರಿಯಾಗೇ ಹೇಳ್ಯಾಳ. ವಾಲಿ ಆಕಿನ್ನ ಮ್ಯೂಟ್ ಮಾಡಿ ಹೋಗ್ಯಾನ. ಅದಕ್ಕ ಸತ್ತ.”

ಉಳಿದಿಬ್ಬರು ಆಚೆಯಿಂದ ಹೋ ಎಂದರು. ನನಗೂ ಖುಷಿಯಾಯಿತು. ಹದಿನೈದು ದಿನ ಅದನ್ನು ತಲೆಯಲ್ಲಿ ಇಟ್ಟುಕೊಂಡಿದ್ದರಲ್ಲ. ಸತ್ತ ಮೇಲೆ ಅವಳು ಸುಗ್ರೀವನ ಅರಮನೆ ಸೇರಬೇಕಾಯಿತು, ಅದಕ್ಕೆ ನಿಮ್ಮ ಆಟದಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ಅಷ್ಟರಲ್ಲಿ ಯಾರೋ ಮರೆಯಿಂದ ಅವರ ತಂಡಕ್ಕೆ ಹೊಡೆದರು. ಅಣ್ಣ ಮೊಬೈಲ್ ಹಿಡಿದುಕೊಂಡು ಪಡಸಾಲೆಗೆ ಓಡಿದ.